ಡೆಂಗಿ ಜ್ವರದಲ್ಲಿ ಹೊಟ್ಟೆಯ ಮೇಲೆ ಕಣ್ಣಿಡುವುದು ಹೇಗೆ

ಡೆಂಗಿ ಹೊಕ್ಕ ಮನೆಯಲ್ಲಿ ಬೆಳಗಾದರೆ ಒಂದೇ ಪ್ರಶ್ನೆ: ಪ್ಲೇಟ್‌ಲೆಟ್ ಎಷ್ಟಾಯಿತು? ಆ ಸಂಖ್ಯೆಯ ಹಿಂದೆ ಓಡುವ ಭರದಲ್ಲಿ ರೋಗಿಯ ಹೊಟ್ಟೆಯನ್ನು ಯಾರೂ ವಿಚಾರಿಸುವುದಿಲ್ಲ. ಆದರೆ ರೋಗ ಕೆಟ್ಟ ಕಡೆ ತಿರುಗುವ ಮುನ್ನ ಎಷ್ಟೋ ಸಲ ಮೊದಲು ಸುಳಿವು ಕೊಡುವುದು ಹೊಟ್ಟೆಯೇ. ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಡೆಂಗಿಯ ಏಳು ಎಚ್ಚರಿಕೆ ಲಕ್ಷಣಗಳನ್ನು ಪಟ್ಟಿ ಮಾಡಿತು. ಮೊದಲನೆಯದು ಹೊಟ್ಟೆನೋವು, ಎರಡನೆಯದು ಬಿಡದ ವಾಂತಿ. ಲಿವರ್ ಊದುವುದು, ಹೊಟ್ಟೆಯಲ್ಲಿ ನೀರು ತುಂಬುವುದು ಕೂಡ ಅದೇ ಪಟ್ಟಿಯಲ್ಲಿವೆ.

ವೈದ್ಯರು ನೋಡಿ, ಸದ್ಯಕ್ಕೆ ಮನೆಯಲ್ಲೇ ಇರಬಹುದು ಎಂದು ಕಳುಹಿಸಿದ ರೋಗಿಯನ್ನು ನೋಡಿಕೊಳ್ಳುವವರಿಗಾಗಿ ಇದನ್ನು ಬರೆದಿದೆ. ಗರ್ಭಿಣಿಯರು, ಒಂದು ವರ್ಷದೊಳಗಿನ ಮಕ್ಕಳು, ವಯಸ್ಸಾದವರು, ಸಕ್ಕರೆ ಕಾಯಿಲೆ, ಕಿಡ್ನಿ ಅಥವಾ ಹೃದಯದ ತೊಂದರೆ ಇರುವವರು, ಒಂಟಿಯಾಗಿ ವಾಸಿಸುವವರು, ಆಸ್ಪತ್ರೆಯಿಂದ ತುಂಬ ದೂರದ ಊರಿನವರು ಇವರನ್ನೆಲ್ಲ ಮನೆಯಲ್ಲಿ ನೋಡಿಕೊಳ್ಳುವ ಧೈರ್ಯ ಬೇಡ. ಲಕ್ಷಣ ಕಡಿಮೆ ಇದ್ದರೂ ದಾಖಲಿಸುವುದೇ ವಾಸಿ.

ವೈರಸ್ಸಿಗೂ ಹೊಟ್ಟೆಗೂ ಏನು ಸಂಬಂಧ

ಈಡಿಸ್ ಸೊಳ್ಳೆ ಕಚ್ಚಿದಾಗ ವೈರಸ್ ಮೊದಲು ಹಿಡಿಯುವುದು ಚರ್ಮದಲ್ಲಿರುವ ರೋಗನಿರೋಧಕ ಕೋಶಗಳನ್ನು. ಅಲ್ಲಿಂದ ದುಗ್ಧಗ್ರಂಥಿಗಳಿಗೆ, ಆಮೇಲೆ ರಕ್ತಕ್ಕೆ. ಕಚ್ಚಿದ 4ರಿಂದ 10 ದಿನಗಳಲ್ಲಿ ಜ್ವರ ಏರುತ್ತದೆ. ವೈರಸ್ ಬೆಳೆಯುತ್ತಿರುವ ಕೋಶಗಳು ಎನ್‌ಎಸ್1 ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತವೆ. ಮೊದಲ ದಿನಗಳಲ್ಲಿ ಲ್ಯಾಬಿನವರು ಹುಡುಕುವುದು ಇದನ್ನೇ. ಇದು ಬರೀ ಗುರುತಿನ ಚೀಟಿಯಲ್ಲ. ರಕ್ತನಾಳಗಳ ಒಳಮೈಗೆ ಸಕ್ಕರೆ ಮತ್ತು ಪ್ರೋಟೀನ್ ಬೆರೆತ ಒಂದು ತೆಳುವಾದ ಲೇಪವಿರುತ್ತದೆ. ಎನ್‌ಎಸ್1 ಆ ಲೇಪವನ್ನು ಕೆಡಿಸುತ್ತದೆ. ದೇಹದ ಉರಿಯೂತವೂ ಸೇರಿಕೊಂಡು ನಾಳಗಳು ಸೋರತೊಡಗುತ್ತವೆ. ಸೋರುವುದು ರಕ್ತವಲ್ಲ, ರಕ್ತದ ನೀರಿನಂಶವಾದ ಪ್ಲಾಸ್ಮಾ. ಅದು ಹೋಗಿ ಸೇರುವುದು ಶ್ವಾಸಕೋಶದ ಸುತ್ತ, ಹೊಟ್ಟೆಯ ಪೊಳ್ಳಿನಲ್ಲಿ, ಪಿತ್ತಕೋಶದ ಗೋಡೆಯಲ್ಲಿ, ಕರುಳಿನ ಗೋಡೆಯ ಪದರಗಳ ನಡುವೆ. ಲಿವರ್ ಊದಿ ಅದರ ಹೊದಿಕೆ ಹಿಗ್ಗಿದಾಗ ಬಲಪಕ್ಕೆಯ ಕೆಳಗೆ ನೋವು, ಹೊಟ್ಟೆಯ ಒಳಾಂಗಗಳು ನೀರು ತುಂಬಿ ದಪ್ಪಗಾದಾಗ ಓಕರಿಕೆ ಮತ್ತು ಹೊಟ್ಟೆಯುಬ್ಬರ.

ಹಾಗಾದರೆ ವೈರಸ್ ಕರುಳಿನ ಕೋಶದೊಳಕ್ಕೇ ನುಗ್ಗುತ್ತದೆಯೇ? ಈ ಬಗ್ಗೆ ಆಗಾಗ ಸುದ್ದಿಗಳು ಬರುತ್ತವೆ, ಓದುವಾಗ ಒಂದು ವಿಷಯ ನೆನಪಿಡಿ. ಡೆಂಗಿ, ಝಿಕಾ, ವೆಸ್ಟ್ ನೈಲ್ ಎಲ್ಲವೂ ಫ್ಲಾವಿವೈರಸ್ ಎಂಬ ಒಂದೇ ಗುಂಪಿನವು. ಈ ಗುಂಪಿನ ಕೆಲವನ್ನು ಪ್ರಯೋಗಾಲಯದಲ್ಲಿ ಮಾನವ ಕರುಳಿನ ಕೋಶಗಳಲ್ಲಿ ಬೆಳೆಸಿ ನೋಡಿದ್ದಾರೆ. ಅದಕ್ಕೆ ಹೆಚ್ಚಾಗಿ ಬಳಸುವುದು ಕ್ಯಾಕೋ-2 ಎಂಬ ಕೋಶಗಳನ್ನು. ದೊಡ್ಡ ಕರುಳಿನ ಕ್ಯಾನ್ಸರ್ ಗೆಡ್ಡೆಯೊಂದರಿಂದ 1970ರ ದಶಕದಲ್ಲಿ ತೆಗೆದು, ಅಲ್ಲಿಂದೀಚೆಗೆ ಲ್ಯಾಬಿನಿಂದ ಲ್ಯಾಬಿಗೆ ಸಾಕಿಕೊಂಡು ಬಂದ ತಳಿ ಅದು. ಸುಮಾರು ಮೂರು ವಾರ ಒತ್ತಾಗಿ ಬೆಳೆಯಲು ಬಿಟ್ಟರೆ ಸಣ್ಣ ಕರುಳಿನ ಕೋಶಗಳಂತೆ ವರ್ತಿಸುತ್ತದೆ. ಅಲ್ಲಿ ವೈರಸ್ಸನ್ನು ನೇರವಾಗಿ ಕೋಶದ ಮೇಲೆಯೇ ಸುರಿಯುತ್ತಾರೆ. ದೇಹದಲ್ಲಿ ಹಾಗಲ್ಲ. ವೈರಸ್ ರಕ್ತದ ಕಡೆಯಿಂದ ಬರಬೇಕು, ರೋಗನಿರೋಧಕ ವ್ಯವಸ್ಥೆಯನ್ನು ದಾಟಬೇಕು. ಆದ್ದರಿಂದ ‘ಕೋಶಕ್ಕೆ ಸೋಂಕು ತಗುಲಿಸಬಹುದು’ ಎಂದ ಮಾತ್ರಕ್ಕೆ ‘ರೋಗಿಯ ಭೇದಿಗೆ ಅದೇ ಕಾರಣ’ ಎಂದು ಅರ್ಥವಲ್ಲ. ಡೆಂಗಿಯ ಹೊಟ್ಟೆ ತೊಂದರೆಯನ್ನು ವಿವರಿಸಲು ಸೋರುವ ನಾಳ, ಊದಿದ ಲಿವರ್ ಇವೇ ಬಹುಮಟ್ಟಿಗೆ ಸಾಕು.

ಕರುಳಿನ ನರಗಳ ಕತೆ ಬೇರೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೆಸ್ಟ್ ನೈಲ್ ವೈರಸ್ ಇಲಿಗಳ ಕರುಳಿನ ಗೋಡೆಯೊಳಗಿನ ನರಕೋಶಗಳಿಗೇ ತಗುಲಿತ್ತು. ಆ ನರಗಳ ಮೇಲೆ ದೇಹದ ರೋಗನಿರೋಧಕ ಟಿ-ಕೋಶಗಳೇ ದಾಳಿ ಮಾಡಿದವು, ಕರುಳಿನ ಚಲನೆ ನಿಧಾನವಾಯಿತು. ಇಲಿಯಲ್ಲಿ ಕಂಡದ್ದು ಇದು. ಮನುಷ್ಯರಿಗೆ ಹಾಗೆಯೇ ಅನ್ವಯಿಸಿ ಮಲಬದ್ಧತೆಗೆಲ್ಲ ಸೊಳ್ಳೆಯನ್ನು ದೂರಬೇಕಿಲ್ಲ.

ನಿಜವಾಗಿ ವೈರಸ್ಸಿಗೆ ಕರುಳನ್ನು ಗೆಲ್ಲಲೇಬೇಕಾದ ಜಾಗ ಒಂದಿದೆ, ಅದು ಸೊಳ್ಳೆಯ ಹೊಟ್ಟೆ. ರೋಗಿಯ ರಕ್ತ ಕುಡಿದ ಸೊಳ್ಳೆಯ ಮಧ್ಯಕರುಳಿನ ಕೋಶಗಳಲ್ಲಿ ವೈರಸ್ ಬೆಳೆದು, ಅದನ್ನು ದಾಟಿ ಜೊಲ್ಲುಗ್ರಂಥಿ ತಲುಪಿದರೆ ಮಾತ್ರ ಆ ಸೊಳ್ಳೆ ಇನ್ನೊಬ್ಬರಿಗೆ ರೋಗ ಹಚ್ಚಬಲ್ಲದು. ಇದಕ್ಕೆ 25ರಿಂದ 28 ಡಿಗ್ರಿ ಸೆಲ್ಸಿಯಸ್ ವಾತಾವರಣದಲ್ಲಿ 8ರಿಂದ 12 ದಿನ ಬೇಕು. ಹಾಗಾಗಿ ಜ್ವರದ ಮೊದಲ ಐದಾರು ದಿನ ರೋಗಿ ಹಗಲಿನಲ್ಲೂ ಸೊಳ್ಳೆಪರದೆಯೊಳಗೇ ಇರಬೇಕು, ಈಡಿಸ್ ಕಚ್ಚುವುದು ಹಗಲಲ್ಲಿ. ರೋಗಿಯ ವಾಂತಿ, ಮಲ, ಎಂಜಲು ತಟ್ಟೆಯಿಂದ ಡೆಂಗಿ ಹರಡುವುದಿಲ್ಲ. ತಟ್ಟೆ-ಲೋಟ ಬೇರೆ ಇಡುವ ಶ್ರಮವನ್ನು ಹೂಕುಂಡದ ನೀರು ಚೆಲ್ಲುವುದಕ್ಕೆ ಬಳಸಿ.

ದಿನ ಎಣಿಸಿ, ಬರೆದಿಡಿ

ಜ್ವರ ಶುರುವಾದ ಹೊತ್ತನ್ನು ಮೊದಲು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಸೋಮವಾರ ಸಂಜೆ ಜ್ವರ ಬಂದಿದ್ದರೆ ಮಂಗಳವಾರ ಸಂಜೆಗೆ ಒಂದು ದಿನ. ಡೆಂಗಿಯಲ್ಲಿ ಜ್ವರ 2ರಿಂದ 7 ದಿನ ಇರುತ್ತದೆ. ಅಪಾಯದ ಅವಧಿ ಸಾಮಾನ್ಯವಾಗಿ 3ನೇ ದಿನದಿಂದ 7ನೇ ದಿನದೊಳಗೆ, ಅದೂ ಜ್ವರ ಇಳಿಯುವ ಹೊತ್ತಿಗೆ ಬರುತ್ತದೆ. ಇಲ್ಲಿಯೇ ಜನ ಮೋಸಹೋಗುವುದು. ಥರ್ಮಾಮೀಟರ್ 99 ತೋರಿಸಿತೆಂದು ಎಲ್ಲರೂ ನಿಟ್ಟುಸಿರು ಬಿಟ್ಟು ಕೆಲಸಕ್ಕೆ ಹೊರಡುತ್ತಾರೆ. ಸೋರಿಕೆ ಶುರುವಾಗುವುದೇ ಆಗ. ಆ ಸೋರಿಕೆ 24ರಿಂದ 48 ತಾಸು ನಡೆಯುತ್ತದೆ. ರಜೆ ಹಾಕುವುದಿದ್ದರೆ ಜ್ವರ ಏರಿದ ದಿನಕ್ಕಲ್ಲ, ಜ್ವರ ಇಳಿದ ದಿನಕ್ಕೆ ಹಾಕಿ.

ನೋಟ್‌ಬುಕ್‌ನಲ್ಲಿ ಆರು ಕಲಂ ಸಾಕು: ಹೊತ್ತು, ಜ್ವರ, ಕುಡಿದದ್ದು ಎಷ್ಟು ಮತ್ತು ಏನು, ಮೂತ್ರ, ವಾಂತಿ ಅಥವಾ ಭೇದಿ ಅದರ ಬಣ್ಣ ಸಮೇತ, ಕೊಟ್ಟ ಔಷಧಿ. ಆಸ್ಪತ್ರೆಯಲ್ಲಿ ‘ಸ್ವಲ್ಪ ಕುಡೀತಿದಾರೆ, ಆಗಾಗ ವಾಂತಿ’ ಎಂದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ‘ನಿನ್ನೆ ಮಧ್ಯಾಹ್ನದಿಂದ 700 ಮಿ.ಲೀ. ಕುಡಿದಿದ್ದಾರೆ, ನಾಲ್ಕು ಸಲ ವಾಂತಿ, ಏಳು ತಾಸಿನಿಂದ ಮೂತ್ರವಿಲ್ಲ’ ಎಂದರೆ ಅರ್ಧ ತಪಾಸಣೆ ಮುಗಿದಂತೆ.

ಏನು ಕುಡಿಸಬೇಕು, ಎಷ್ಟು

ದೊಡ್ಡವರಿಗೆ ದಿನಕ್ಕೆ ಸುಮಾರು ಎರಡರಿಂದ ಎರಡೂವರೆ ಲೀಟರ್ ದ್ರವ ಗುರಿಯಾಗಿರಲಿ. ಮಕ್ಕಳಿಗೆ ತೂಕದ ಲೆಕ್ಕ: ಮೊದಲ 10 ಕಿಲೋಗೆ ಕಿಲೋ ಒಂದಕ್ಕೆ 100 ಮಿ.ಲೀ., ಮುಂದಿನ 10 ಕಿಲೋಗೆ ತಲಾ 50, ಅದರ ಮೇಲೆ ತಲಾ 20. 14 ಕಿಲೋ ತೂಗುವ ಮಗುವಿಗೆ 1,000 ಮತ್ತು 200 ಸೇರಿ 1,200 ಮಿ.ಲೀ. 22 ಕಿಲೋದ ಮಗುವಿಗೆ 1,540. ಇದು ಎಲ್ಲ ದ್ರವಗಳ ಒಟ್ಟು ಲೆಕ್ಕ, ಹಾಲು, ಗಂಜಿ, ಮಜ್ಜಿಗೆ ಎಲ್ಲ ಸೇರಿ. ಭೇದಿ, ವಾಂತಿ ಇದ್ದರೆ ಹೋದಷ್ಟನ್ನು ಮೇಲೆ ಸೇರಿಸಬೇಕು. ಹೃದಯ ಅಥವಾ ಕಿಡ್ನಿಯ ತೊಂದರೆ ಇರುವವರಿಗೆ ಈ ಲೆಕ್ಕ ಅಲ್ಲ, ವೈದ್ಯರು ಹೇಳಿದ್ದೇ ಲೆಕ್ಕ.

ಬರೀ ನೀರು ಕುಡಿಸುತ್ತಾ ಹೋಗುವುದು ತಪ್ಪು. ರಕ್ತದಲ್ಲಿ ಸೋಡಿಯಂ ಇಳಿದು ಮಂಪರು ಬರುತ್ತದೆ, ಅದನ್ನು ಡೆಂಗಿಯ ಸುಸ್ತು ಎಂದುಕೊಳ್ಳುತ್ತೇವೆ. ಒಆರ್‌ಎಸ್ ಎಂಬ ಉಪ್ಪು-ಸಕ್ಕರೆ ದ್ರಾವಣ ಏಕೆ ಒಳ್ಳೆಯದೆಂದರೆ, ಸಣ್ಣ ಕರುಳಿನ ಒಳಪದರದ ಕೋಶಗಳಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿಯೇ ಒಳಬರುವ ದ್ವಾರವೊಂದಿದೆ. ಒಂದು ಗ್ಲೂಕೋಸ್ ಕಣದ ಜೊತೆ ಎರಡು ಸೋಡಿಯಂ ಕಣ, ಅವುಗಳ ಹಿಂದೆಯೇ ನೀರು. ಗ್ಲೂಕೋಸ್ ಇಲ್ಲದಿದ್ದರೆ ಆ ದ್ವಾರ ತೆರೆಯದು. ಅತಿಯಾದರೆ ಕರುಳೇ ನೀರನ್ನು ಹೊರಗೆಳೆದುಕೊಂಡು ಭೇದಿ ಹೆಚ್ಚಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರುತ್ತದೆ. ಪ್ಯಾಕೆಟ್ ಹಿಂಬದಿಯಲ್ಲಿ ಈ ಅಂಕಿಗಳನ್ನು ನೋಡಿ ತನ್ನಿ.

ಪ್ಯಾಕೆಟ್ ಕಲಸುವಲ್ಲಿ ಆಗುವ ತಪ್ಪುಗಳು ನೋಡಲು ಸಣ್ಣವು, ಪರಿಣಾಮ ಸಣ್ಣದಲ್ಲ. ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ, ಚಿಕ್ಕದು 200 ಮಿ.ಲೀ.ಗೆ. ದೊಡ್ಡ ಪ್ಯಾಕೆಟ್‌ನಿಂದ ಅಂದಾಜಿಗೆ ಒಂದೊಂದು ಚಮಚ ತೆಗೆದು ಲೋಟಕ್ಕೆ ಹಾಕಬೇಡಿ. ಪುಡಿಯಲ್ಲಿ ಉಪ್ಪು-ಸಕ್ಕರೆ ಸಮವಾಗಿ ಬೆರೆತಿರುವ ಖಾತ್ರಿಯಿಲ್ಲ, ಉಳಿದ ಪುಡಿ ತೇವ ಹೀರುತ್ತದೆ. ಕುದಿಸಿ ಆರಿಸಿದ ನೀರನ್ನು ಲೀಟರ್ ಬಾಟಲಿಯಲ್ಲಿ ಅಳೆದು ಇಡೀ ಪ್ಯಾಕೆಟ್ ಕರಗಿಸಿ, 24 ತಾಸು ದಾಟಿದ್ದನ್ನು ಚೆಲ್ಲಿ. ರುಚಿಗೆಂದು ಸಕ್ಕರೆ, ಜೇನು, ಜ್ಯೂಸ್ ಬೆರೆಸಬೇಡಿ. ಕಲಸಿದ ಮೇಲೆ ಕುದಿಸಲೂಬೇಡಿ. ಅಂಗಡಿಯಲ್ಲಿ ಸಿಗುವ ಸಿಹಿ ಪಾನೀಯದ ಡಬ್ಬಿಗಳು ಒಆರ್‌ಎಸ್ ಅಲ್ಲ. ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಿನಲ್ಲಿ ಆ ಪದ ಬಳಸಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ರಾತ್ರಿ ಮೆಡಿಕಲ್ ಸ್ಟೋರ್ ಮುಚ್ಚಿದ್ದರೆ, ಒಂದು ಲೀಟರ್ ನೀರಿಗೆ ತಲೆ ತಟ್ಟಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಬೆಳಗಿನವರೆಗೆ ಇದು ಸಾಕು.

ಎಳನೀರಿಗೆ ನಮ್ಮಲ್ಲಿ ದೊಡ್ಡ ಮರ್ಯಾದೆ. ಇರಲಿ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ದಿನವಿಡೀ ಅದನ್ನೇ ಕುಡಿಸಿದರೆ ಒಆರ್‌ಎಸ್ ಕೆಲಸ ಆಗುವುದಿಲ್ಲ, ಕಿಡ್ನಿ ತೊಂದರೆ ಇದ್ದವರಿಗಂತೂ ಅಪಾಯ. ಒಂದು ಎಳನೀರಿನ ಮಧ್ಯೆ ಉಪ್ಪು ಹಾಕಿದ ಗಂಜಿ ತಿಳಿ, ತೆಳ್ಳಗಿನ ಮಜ್ಜಿಗೆ, ಬೇಳೆಕಟ್ಟು ಬರಲಿ.

ಬಣ್ಣದ ವಿಷಯದಲ್ಲಿ ಒಂದು ಕಟ್ಟುನಿಟ್ಟು ಬೇಕು. 3ನೇ ದಿನದಿಂದ ಕೆಂಪು, ಕಂದು, ಕಪ್ಪು ಬಣ್ಣದ್ದು ಏನೂ ಬೇಡ: ಬೀಟ್‌ರೂಟ್, ದಾಳಿಂಬೆ ರಸ, ಕಲ್ಲಂಗಡಿ, ಕಾಫಿ, ಚಾಕೊಲೇಟ್ ಪುಡಿ ಬೆರೆಸಿದ ಹಾಲು, ಕೋಲಾ. ರಾಗಿ ಅಂಬಲಿ ಬೇಡವೆನ್ನಲು ಮನಸ್ಸು ಬಾರದಿದ್ದರೂ ಅದೂ ಈ ಸಾಲಿಗೇ ಸೇರುತ್ತದೆ. ಇವು ಹಾನಿ ಮಾಡುತ್ತವೆಂದಲ್ಲ. ರೋಗಿ ವಾಂತಿ ಮಾಡಿದಾಗ ಅದು ರಕ್ತವೋ ಕುಡಿದದ್ದೋ ಎಂದು ಮಧ್ಯರಾತ್ರಿ ಟಾರ್ಚ್ ಹಿಡಿದು ತರ್ಕ ಮಾಡುವ ಸ್ಥಿತಿ ಬರಬಾರದು.

ಅಪಾಯದ ಅವಧಿಯಲ್ಲಿ ಒತ್ತಾಯ ಮಾಡಿ ಐದಾರು ಲೀಟರ್ ಕುಡಿಸುವುದೂ ತಪ್ಪು. ನಾಳ ಸೋರುವಾಗ ಹೆಚ್ಚುವರಿ ನೀರು ಹೋಗಿ ಸೇರುವುದು ಹೊಟ್ಟೆಯ ಪೊಳ್ಳಿಗೆ, ಎದೆಗೂಡಿಗೆ. ಇದೇ ಕಾರಣಕ್ಕೆ ‘ಒಂದು ಗ್ಲೂಕೋಸ್ ಹಾಕಿಸಿಬಿಡೋಣ’ ಎಂದು ಸಿಕ್ಕ ಕ್ಲಿನಿಕ್‌ನಲ್ಲಿ ಬಾಟಲಿ ಏರಿಸಿಕೊಳ್ಳಬಾರದು. ಡೆಂಗಿಯಲ್ಲಿ ಡ್ರಿಪ್ ಎಂದರೆ ತಾಸಿಗಿಷ್ಟು ಎಂದು ಲೆಕ್ಕ ಹಾಕಿ, ನಡುನಡುವೆ ರಕ್ತ ನೋಡಿ ಕೊಡುವ ಔಷಧಿ. ಸರಿಯಾಗಿ ಕುಡಿಯುತ್ತಿರುವವರಿಗೆ ಅದರ ಅಗತ್ಯವಿಲ್ಲ.

ವಾಂತಿ ಬಂದಾಗ

ವಾಂತಿಯಾದ ಕೂಡಲೇ ಲೋಟ ಹಿಡಿಸಬೇಡಿ. ಹತ್ತು ನಿಮಿಷ ಬಿಡಿ. ಆಮೇಲೆ 5 ಮಿ.ಲೀ. ಚಮಚದಲ್ಲಿ ಎರಡು-ಮೂರು ನಿಮಿಷಕ್ಕೊಂದು ಸಲ ಒಆರ್‌ಎಸ್ ಕೊಡಿ. ಎರಡು ನಿಮಿಷಕ್ಕೊಂದು ಚಮಚ ಎಂದರೂ ತಾಸಿಗೆ 150 ಮಿ.ಲೀ. ಒಳಹೋಗುತ್ತದೆ. ಒಂದೇ ಏಟಿಗೆ 200 ಮಿ.ಲೀ. ಕುಡಿದು ಎಲ್ಲ ಹೊರಹಾಕುವುದಕ್ಕಿಂತ ಇದು ಎಷ್ಟೋ ಮೇಲು. ಮಕ್ಕಳಿಗೆ ಸೂಜಿಯಿಲ್ಲದ ಸಿರಿಂಜ್ ಒಳ್ಳೆಯದು, ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಡಬೇಕು. ಒಂದು ತಾಸು ವಾಂತಿಯಿಲ್ಲದೆ ಕಳೆದರೆ ಪ್ರಮಾಣ ಹೆಚ್ಚಿಸಿ.

24 ತಾಸಿನಲ್ಲಿ ಮೂರು ಅಥವಾ ಹೆಚ್ಚು ಸಲ ವಾಂತಿಯಾದರೆ ಮನೆಯ ಪ್ರಯೋಗ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರು ಬರೆದಿದ್ದರೆ ಮಾತ್ರ ಕೊಡಿ. ಮಾತ್ರೆಯಿಂದ ವಾಂತಿ ನಿಂತರೂ ಒಳಗಿನ ಸೋರಿಕೆ ನಿಂತಿರುವುದಿಲ್ಲ. ವಾಂತಿಯ ಜೊತೆ ವಿಪರೀತ ತಲೆನೋವು, ಕುತ್ತಿಗೆ ಬಿಗಿತ, ಫಿಟ್ಸ್, ಗೊಂದಲದ ಮಾತು ಇದ್ದರೆ ಅದು ಹೊಟ್ಟೆಯ ವಾಂತಿಯಲ್ಲ, ಮಿದುಳಿನದು. ಕ್ಯುಲೆಕ್ಸ್ ಸೊಳ್ಳೆ ಹರಡುವ ಜಪಾನೀಸ್ ಎನ್ಸೆಫಲೈಟಿಸ್‌ನಲ್ಲಿ ಹೀಗಾಗುತ್ತದೆ. ಆಗ ಒಂದು ನಿಮಿಷವೂ ಕಾಯುವಂತಿಲ್ಲ.

ನೋವು ಎಲ್ಲಿ, ಎಂಥದ್ದು

ದಿನಕ್ಕೆ ಮೂರು ಸಲ ರೋಗಿಯನ್ನು ಅಂಗಾತ ಮಲಗಿಸಿ, ಮಂಡಿ ಮಡಿಸಿಸಿ, ಅಂಗೈಯನ್ನು ಚಪ್ಪಟೆಯಾಗಿಟ್ಟು ಹೊಟ್ಟೆಯ ನಾಲ್ಕೂ ಭಾಗ ಮೆಲ್ಲಗೆ ಮುಟ್ಟಿ ನೋಡಿ. ಬೆರಳ ತುದಿಯಿಂದ ಚುಚ್ಚಬೇಡಿ, ಜೋರಾಗಿ ಅಮುಕಬೇಡಿ. ನೋಡುವಾಗ ಅವರ ಮುಖ ನೋಡಿ, ಮಕ್ಕಳು ‘ನೋವಿಲ್ಲ’ ಎನ್ನುತ್ತಲೇ ಮುಖ ಹಿಂಡುತ್ತಾರೆ. ಜ್ವರದ ಮೊದಲ ಎರಡು ದಿನ ಅಲ್ಲಲ್ಲಿ ಹಿಡಿದು ಬಿಡುವ ನೋವು, ಎದೆಯುರಿ ಸಾಮಾನ್ಯ. ಬಲಪಕ್ಕೆಯ ಕೆಳಗೆ ಅಥವಾ ಹೊಟ್ಟೆಯ ಮೇಲ್ಭಾಗದಲ್ಲಿ ಬಿಡದೆ ನಿಲ್ಲುವ, ತಾಸು ತಾಸಿಗೆ ಏರುವ, ಮುಟ್ಟಿದರೆ ಹೆಚ್ಚುವ ನೋವು ಸಾಮಾನ್ಯವಲ್ಲ.

ಪಂಚೆಯ ಗಂಟು, ಲಂಗದ ಲಾಡಿ ಬಿಗಿಯಾಯಿತೆಂದು ರೋಗಿ ಹೇಳಿದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಹೊಕ್ಕುಳಿನ ಮಟ್ಟದಲ್ಲಿ ಟೇಪಿನಿಂದ ಹೊಟ್ಟೆಯ ಸುತ್ತಳತೆ ತೆಗೆದು ಬರೆದಿಟ್ಟರೆ ಅನುಮಾನ ಬಗೆಹರಿಯುತ್ತದೆ. ಸುತ್ತಳತೆ ಏರುತ್ತಿದೆ, ಮಲಗಿದರೆ ಉಸಿರು ಕಟ್ಟುತ್ತದೆ ಎಂದರೆ ನೀರು ತುಂಬುತ್ತಿದೆ.

ಈ ನೋವು ವೈದ್ಯರನ್ನೂ ದಾರಿ ತಪ್ಪಿಸಬಲ್ಲದು. ಪಿತ್ತಕೋಶದ ಗೋಡೆ ದಪ್ಪವಾದದ್ದು ಸ್ಕ್ಯಾನ್‌ನಲ್ಲಿ ಕಂಡು ಕಲ್ಲಿಲ್ಲದಿದ್ದರೂ ಪಿತ್ತಕೋಶದ ಸೋಂಕೆಂದು, ಬಲಗಡೆ ಕೆಳಹೊಟ್ಟೆ ನೋವನ್ನು ಅಪೆಂಡಿಸೈಟಿಸ್ ಎಂದು ಭಾವಿಸಿ ಆಪರೇಷನ್ ಮಾತು ಬರುವುದುಂಟು. ಪ್ಲೇಟ್‌ಲೆಟ್ ಬಿದ್ದಿರುವಾಗ ಕತ್ತರಿ ಹಾಕಿದರೆ ರಕ್ತಸ್ರಾವದ ಅಪಾಯ ದೊಡ್ಡದು. ಡೆಂಗಿಯಿಂದ ದಪ್ಪವಾದ ಪಿತ್ತಕೋಶ ಸಾಮಾನ್ಯವಾಗಿ ಜ್ವರ ವಾಸಿಯಾಗುತ್ತ ತಾನೇ ಸರಿಹೋಗುತ್ತದೆ. ಸರ್ಜನ್ ಮುಂದೆ ಕೂತಾಗ ‘ಡೆಂಗಿ ಪಾಸಿಟಿವ್, ಇಂದು ಜ್ವರದ ಇಷ್ಟನೇ ದಿನ’ ಎಂದು ನೀವೇ ಮೊದಲು ಹೇಳಿ.

ಮಲದ ಬಣ್ಣ

ಟಾರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯಿರುವ ಮಲ ಎಂದರೆ ಜಠರ ಅಥವಾ ಸಣ್ಣ ಕರುಳಿನ ಆರಂಭದಲ್ಲಿ ರಕ್ತ ಒಸರಿದೆ. ಕಾಫಿ ಗಸಿಯಂಥ ವಾಂತಿಯದೂ ಇದೇ ಅರ್ಥ. ಕಬ್ಬಿಣದ ಮಾತ್ರೆ ತಿನ್ನುವವರ ಮಲವೂ ಕಪ್ಪೇ, ಆದರೆ ಗಟ್ಟಿಯಾಗಿರುತ್ತದೆ, ಆ ವಾಸನೆ ಇರದು. ಅನುಮಾನವಿದ್ದರೆ ಫೋಟೊ ತೆಗೆದು ವೈದ್ಯರಿಗೆ ತೋರಿಸಿ, ನಾಚಿಕೆ ಬೇಡ. ಡೆಂಗಿಯಲ್ಲಿ ತೆಳು ಭೇದಿ ಕೆಲವರಿಗೆ ಆಗುತ್ತದೆ, ಅದೊಂದೇ ಎಚ್ಚರಿಕೆಯ ಲಕ್ಷಣವಲ್ಲ. ಭೇದಿ ನಿಲ್ಲಿಸುವ ಮಾತ್ರೆ ಬೇಡ, ಒಆರ್‌ಎಸ್ ಸಾಕು.

ಮೂತ್ರ ಇನ್ನೂ ಸುಲಭದ ಅಳತೆ. ಆರು ತಾಸಿಗೊಮ್ಮೆಯಾದರೂ ಹೋಗಬೇಕು. ಹೋಗದಿದ್ದರೆ ಒಳಗೆ ಹೋದ ದ್ರವ ಸಾಕಾಗಿಲ್ಲ, ಅಥವಾ ಬೇರೆಡೆ ಸೋರುತ್ತಿದೆ.

ಔಷಧಿಗಳಲ್ಲಿ ಆಗುವ ಎಡವಟ್ಟು

ಜ್ವರಕ್ಕೆ ಪ್ಯಾರಸಿಟಮಾಲ್ ಒಂದೇ. ಮಕ್ಕಳಿಗೆ ಒಂದು ಸಲಕ್ಕೆ ಕಿಲೋಗೆ 10 ಮಿ.ಗ್ರಾಂ., ದಿನಕ್ಕೆ ಮೂರರಿಂದ ನಾಲ್ಕು ಸಲ, ಎರಡರ ನಡುವೆ ಆರು ತಾಸು. 14 ಕಿಲೋದ ಮಗುವಿಗೆ 140 ಮಿ.ಗ್ರಾಂ. ಇಲ್ಲಿ ಸಿರಪ್ ಬಾಟಲಿ ಓದುವುದರಲ್ಲೇ ತಪ್ಪಾಗುತ್ತದೆ. 5 ಮಿ.ಲೀ.ಗೆ 125 ಮಿ.ಗ್ರಾಂ. ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಮೊದಲನೆಯದಾದರೆ 5.6 ಮಿ.ಲೀ., ಎರಡನೆಯದಾದರೆ 2.8 ಮಿ.ಲೀ. ಹನಿ ಔಷಧಿ ಇನ್ನೂ ಗಾಢ, ಅದನ್ನು ಸಿರಪ್ಪಿನ ಅಳತೆಯಲ್ಲಿ ಕೊಟ್ಟರೆ ಹಲವು ಪಟ್ಟು ಡೋಸ್ ಆಗುತ್ತದೆ. ದೊಡ್ಡವರಿಗೆ ದಿನಕ್ಕೆ 3 ಗ್ರಾಂ ಮೀರಬಾರದು: 650ರ ಮಾತ್ರೆ ದಿನಕ್ಕೆ ನಾಲ್ಕಾದರೆ 2.6 ಗ್ರಾಂ. ನೆಗಡಿಯ ಮಾತ್ರೆಯಲ್ಲೂ ಪ್ಯಾರಸಿಟಮಾಲ್ ಇರುತ್ತದೆಂಬುದನ್ನು ಮರೆತು ಎರಡನ್ನೂ ನುಂಗಿಸಿದರೆ, ಮೊದಲೇ ಊದಿರುವ ಲಿವರ್ ಮೇಲೆ ಇನ್ನೊಂದು ಹೊರೆ. ಜ್ವರ ಪೂರ್ತಿ ಇಳಿಯಲೇಬೇಕೆಂಬ ಹಟ ಬೇಡ, ಒದ್ದೆ ಬಟ್ಟೆಯಿಂದ ಮೈ ಒರೆಸಿ.

ಐಬುಪ್ರೊಫೇನ್, ಡೈಕ್ಲೊಫೆನಾಕ್, ಮೆಫೆನಾಮಿಕ್ ಆಸಿಡ್, ನಿಮೆಸುಲೈಡ್, ಆಸ್ಪಿರಿನ್ ಯಾವುದೂ ಬೇಡ. ಇವು ಜಠರದ ಒಳಪದರದ ರಕ್ಷಣೆಯನ್ನು ಕುಗ್ಗಿಸುತ್ತವೆ, ಇವುಗಳಲ್ಲಿ ಹೆಚ್ಚಿನವು ಪ್ಲೇಟ್‌ಲೆಟ್‌ಗಳ ಕೆಲಸಕ್ಕೂ ಅಡ್ಡಿ. ‘ಜ್ವರಕ್ಕೆ ಸ್ಟ್ರಾಂಗ್ ಆದದ್ದು’ ಎಂದು ಕೌಂಟರಿನಲ್ಲಿ ಕೊಡುವ ಮಾತ್ರೆಯ ಹಿಂಬದಿಯ ಸಣ್ಣಕ್ಷರ ಓದಿ, ಪ್ಯಾರಸಿಟಮಾಲ್ ಜೊತೆಗೇ ಇವುಗಳಲ್ಲೊಂದು ಬೆರೆತಿರುತ್ತದೆ. ಸೊಂಟಕ್ಕೆ ಚುಚ್ಚುವ ಇಂಜೆಕ್ಷನ್ ಬೇಡ, ಸ್ನಾಯುವಿನೊಳಗೆ ರಕ್ತ ಹೆಪ್ಪುಗಟ್ಟಬಹುದು. ಹೃದಯಕ್ಕೆಂದು ದಿನವೂ ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸದೆ ಆ ದಿನವೇ ವೈದ್ಯರನ್ನು ಕೇಳಬೇಕು. ವೈರಸ್ಸಿಗೆ ಆಂಟಿಬಯೊಟಿಕ್ ಕೆಲಸ ಮಾಡದು.

ಪಪ್ಪಾಯಿ ಎಲೆಯ ರಸದ ಬಗ್ಗೆ ಕೇಳದವರಿಲ್ಲ. ಪ್ಲೇಟ್‌ಲೆಟ್ ಸಂಖ್ಯೆ ಸ್ವಲ್ಪ ಬೇಗ ಏರಿದ್ದನ್ನು ಕೆಲವು ಸಣ್ಣ ಪ್ರಯೋಗಗಳು ತೋರಿಸಿವೆ. ಸೋರಿಕೆ ನಿಲ್ಲುತ್ತದೆ, ಜೀವ ಉಳಿಯುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಹಸಿ ಎಲೆ ಜಜ್ಜಿ ಹಿಂಡಿದ ಕಹಿರಸ ಓಕರಿಕೆ ಬರಿಸುತ್ತದೆ. ವಾಂತಿ ಎಣಿಸುತ್ತಿರುವ ಹೊತ್ತಿನಲ್ಲಿ ಅದನ್ನು ಗಂಟಲಿಗೆ ಹೊಯ್ಯುವುದು ನಮ್ಮ ದೃಷ್ಟಿಯಲ್ಲಿ ಅವಿವೇಕ. ಕಿವಿ ಹಣ್ಣು, ಡ್ರ್ಯಾಗನ್ ಹಣ್ಣು ತಿಂದರೆ ತೊಂದರೆಯಿಲ್ಲ, ಔಷಧಿಯೆಂದು ಸಾಲ ಮಾಡಿ ತರುವಂಥದ್ದೂ ಅಲ್ಲ.

ರಿಪೋರ್ಟ್‌ನಲ್ಲಿ ಯಾವ ಸಾಲು ಓದಬೇಕು

ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ ರಿಪೋರ್ಟ್ ಕೈಗೆ ಬಂದಾಗ ಪ್ಲೇಟ್‌ಲೆಟ್‌ಗಿಂತ ಮೊದಲು ಪಿಸಿವಿ ಅಥವಾ ಹೆಮಟೋಕ್ರಿಟ್ ಎಂಬ ಸಾಲನ್ನು ನೋಡಿ. ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇಕಡ ಎಷ್ಟು ಎಂಬುದು ಅದು. ನೀರಿನಂಶ ಸೋರಿದಂತೆ, ಒಲೆಯ ಮೇಲೆ ಬತ್ತಿದ ಸಾರು ಗಟ್ಟಿಯಾಗುವ ಹಾಗೆ, ಈ ಸಂಖ್ಯೆ ಏರುತ್ತದೆ. ಮೊದಲ ದಿನಗಳ ಪಿಸಿವಿಗಿಂತ ಶೇ 20ರಷ್ಟು ಏರಿದರೆ ಸೋರಿಕೆ ಗಣನೀಯವಾಗಿದೆ ಎಂದರ್ಥ. 36 ಇದ್ದದ್ದು 43ಕ್ಕೆ ಬಂದರೆ ಹೆಚ್ಚುಕಡಿಮೆ ಅಷ್ಟೇ ಆಯಿತು. ಲ್ಯಾಬಿನವರು 43ನ್ನು ಸಾಮಾನ್ಯ ಮಿತಿಯೊಳಗೇ ಮುದ್ರಿಸಿರುತ್ತಾರೆ, ದಪ್ಪ ಅಕ್ಷರವೂ ಇರದು. ಆದ್ದರಿಂದಲೇ ಮೊದಲ ಎರಡು-ಮೂರು ದಿನದೊಳಗೆ ಒಂದು ಸಿಬಿಸಿ ಮಾಡಿಸಿ ಆ ಕಾಗದವನ್ನು ಜೋಪಾನ ಮಾಡಬೇಕು. ಹೋಲಿಸಲು ಹಳೆಯದಿಲ್ಲದಿದ್ದರೆ ಹೊಸದರ ಬೆಲೆ ಅರ್ಧ. ಪಿಸಿವಿ ಏರಿ, ಪ್ಲೇಟ್‌ಲೆಟ್ ವೇಗವಾಗಿ ಇಳಿಯುತ್ತಿದ್ದರೆ ಅದು ಏಳು ಎಚ್ಚರಿಕೆಗಳಲ್ಲೊಂದು. ಏರಿದ್ದ ಪಿಸಿವಿ ಥಟ್ಟನೆ ಬಿದ್ದು ರೋಗಿ ಸುಸ್ತಾಗಿದ್ದರೆ ಇನ್ನೂ ಕೆಟ್ಟದ್ದು. ಕರುಳಿನೊಳಗೆ ರಕ್ತ ಹೋಗುತ್ತಿರಬಹುದು, ಹೊರಗೆ ಇನ್ನೂ ಕಾಣದಿರಬಹುದು.

ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಲಿವರ್ ಕಿಣ್ವಗಳು ಡೆಂಗಿಯಲ್ಲಿ ಏರುವುದು ಸಾಮಾನ್ಯ, ಮೊದಲನೆಯದು ಹೆಚ್ಚು ಏರುತ್ತದೆ. 1,000 ಮುಟ್ಟಿದರೆ ತೀವ್ರ ಡೆಂಗಿ ಎಂದು ಪರಿಗಣಿಸುತ್ತಾರೆ.

ಎನ್‌ಎಸ್1 ಪರೀಕ್ಷೆ ಮೊದಲ ಐದು ದಿನದಲ್ಲಿ ಹೆಚ್ಚು ನಂಬಿಕೆಗೆ ಅರ್ಹ, ಐಜಿಎಂ ಎಂಬ ಪ್ರತಿಕಾಯ ಸಾಮಾನ್ಯವಾಗಿ ಐದನೇ ದಿನದ ಸುಮಾರಿಗೆ ಕಾಣಿಸಿಕೊಳ್ಳುತ್ತದೆ. ಎರಡನೇ ದಿನವೇ ವೈಡಾಲ್ ರಕ್ತಪರೀಕ್ಷೆ ಪಾಸಿಟಿವ್ ಬಂತೆಂದು ಟೈಫಾಯಿಡ್ ಔಷಧಿ ಶುರುಮಾಡುವುದು ನಮ್ಮ ಊರುಗಳ ಹಳೆಯ ಚಾಳಿ. ಟೈಫಾಯಿಡ್‌ನಲ್ಲೂ ವೈಡಾಲ್‌ಗೆ ಅರ್ಥ ಬರುವುದು ಜ್ವರ ಒಂದು ವಾರ ದಾಟಿದ ಮೇಲೆ. ಮಳೆಗಾಲದಲ್ಲಿ ಜ್ವರದ ಜೊತೆ ವಾಂತಿ-ಭೇದಿ ಬಂದರೆ ಹೋಟೆಲ್ ಊಟವನ್ನು ದೂರಿ ಸುಮ್ಮನಾಗುವುದು ಇನ್ನೊಂದು ತಪ್ಪು. ಮಲೆನಾಡಿನಲ್ಲಿ ಕಾಡಿಗೆ ಹೋಗಿ ಬಂದವರಿಗೆ ಚಳಿಗಾಲದಿಂದ ಬೇಸಿಗೆಯವರೆಗಿನ ತಿಂಗಳುಗಳಲ್ಲಿ ಹೀಗಾದರೆ ಮಂಗನ ಕಾಯಿಲೆಯ ಯೋಚನೆಯೂ ಬರಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ವೈರಸ್ ಡೆಂಗಿಯ ಗುಂಪಿನದೇ, ಆದರೆ ಅದನ್ನು ಹರಡುವುದು ಉಣ್ಣೆ ಹುಳ.

ಹೊರಡಬೇಕಾದ ಹೊತ್ತು

ಬಿಡದ ಹೊಟ್ಟೆನೋವು, ದಿನಕ್ಕೆ ಮೂರು ವಾಂತಿ, ಕಪ್ಪು ಮಲ ಅಥವಾ ರಕ್ತದ ವಾಂತಿ, ಮೂಗು ವಸಡಿನಲ್ಲಿ ರಕ್ತ, ಆರು ತಾಸು ಮೂತ್ರವಿಲ್ಲದಿರುವುದು, ತಣ್ಣಗಿನ ಬೆವೆತ ಕೈಕಾಲು, ಎದ್ದರೆ ತಲೆಸುತ್ತು, ಮಂಕು ಅಥವಾ ಕಾರಣವಿಲ್ಲದ ಚಡಪಡಿಕೆ. ಇವುಗಳಲ್ಲಿ ಒಂದಿದ್ದರೂ ಸಾಕು, ಎರಡನೆಯದಕ್ಕೆ ಕಾಯಬೇಡಿ. ಹೆಣ್ಣುಮಕ್ಕಳಿಗೆ ಮುಟ್ಟಿನ ಸ್ರಾವ ಎಂದಿಗಿಂತ ಹೆಚ್ಚಾದರೂ ಅಷ್ಟೇ.

ಮನೆಯಲ್ಲಿ ಬಿಪಿ ಯಂತ್ರವಿದ್ದರೆ ಮೇಲಿನ ಸಂಖ್ಯೆಯನ್ನಷ್ಟೇ ನೋಡಬೇಡಿ, ಎರಡರ ಅಂತರ ನೋಡಿ. 110/90 ನೋಡಲು ಚೆನ್ನಾಗಿಯೇ ಇದೆ, ಆದರೆ ಅಂತರ 20. ನಾಳದೊಳಗೆ ದ್ರವ ಕಡಿಮೆಯಾದಾಗ ದೇಹ ನಾಳಗಳನ್ನು ಬಿಗಿಹಿಡಿದು ಕೆಳಗಿನ ಸಂಖ್ಯೆಯನ್ನು ಏರಿಸುತ್ತದೆ. ಅಂತರ 20ಕ್ಕೆ ಅಥವಾ ಅದಕ್ಕಿಂತ ಕೆಳಗೆ ಬಂದರೆ ಅದು ಶಾಕ್‌ನ, ಅಂದರೆ ರಕ್ತಸಂಚಾರ ಕುಸಿಯುತ್ತಿರುವುದರ ಗುರುತು. ಉಗುರನ್ನು ಐದು ಸೆಕೆಂಡು ಒತ್ತಿ ಬಿಟ್ಟಾಗ ಕೆಂಪು ಮರಳಲು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿದರೂ ಹಾಗೆಯೇ. 108ಕ್ಕೆ ಕರೆ ಮಾಡಿ, ಪ್ರಜ್ಞೆಯಿದ್ದರೆ ದಾರಿಯುದ್ದಕ್ಕೂ ಚಮಚದಲ್ಲಿ ಒಆರ್‌ಎಸ್ ಕೊಡುತ್ತಿರಿ. ಬೇಡಿಕೆಯಿಡಬೇಕಾದದ್ದು ಪ್ಲೇಟ್‌ಲೆಟ್ ಚೀಲವನ್ನಲ್ಲ. ರಕ್ತಸ್ರಾವವಿಲ್ಲದಿದ್ದರೆ ಸಾಮಾನ್ಯವಾಗಿ 10,000ಕ್ಕಿಂತ ಕೆಳಗೆ ಇಳಿಯುವವರೆಗೆ ಅದನ್ನು ಏರಿಸುವುದಿಲ್ಲ. ಕೇಳಬೇಕಾದದ್ದು, ಪಿಸಿವಿಯನ್ನು ಎಷ್ಟು ತಾಸಿಗೊಮ್ಮೆ ನೋಡುತ್ತೀರಿ ಎಂದು.

ಚೇತರಿಕೆಯ ದಿನಗಳು

ಸೋರಿದ್ದ ದ್ರವ ಮುಂದಿನ ಎರಡು-ಮೂರು ದಿನಗಳಲ್ಲಿ ನಾಳಗಳಿಗೆ ಮರಳುತ್ತದೆ. ಮೂತ್ರ ಹೆಚ್ಚುತ್ತದೆ, ನಾಡಿ ನಿಧಾನವಾಗುತ್ತದೆ, ಅಂಗೈ ಅಂಗಾಲು ತುರಿಸುತ್ತದೆ. ಹಸಿವು ಮರಳುವುದು ಎಲ್ಲಕ್ಕಿಂತ ನಂಬಬಹುದಾದ ಗುರುತು. ಈ ಹಂತದಲ್ಲಿ ಒತ್ತಾಯದ ಕುಡಿಯುವಿಕೆ ನಿಲ್ಲಿಸಿ. ಡ್ರಿಪ್ ಇನ್ನೂ ಓಡುತ್ತಿದ್ದು ಉಸಿರು ಮೇಲುಮೇಲಾದರೆ ನರ್ಸ್‌ಗೆ ಕೂಡಲೇ ತಿಳಿಸಿ, ದ್ರವ ಹೆಚ್ಚಾಗಿ ಶ್ವಾಸಕೋಶಕ್ಕೆ ತುಂಬುವುದು ಈಗಲೇ.

ಮೊದಲು ಮೆತ್ತಗಿನ ಅನ್ನ-ತಿಳಿಸಾರು, ಇಡ್ಲಿ, ಬಾಳೆಹಣ್ಣು. ರಾಗಿ ಅಂಬಲಿ ಈಗ ಬರಬಹುದು. ಎಣ್ಣೆ-ಖಾರದ ಊಟ, ಮದ್ಯ ಲಿವರ್ ಪರೀಕ್ಷೆ ಮಾಮೂಲಿಗೆ ಬರುವವರೆಗೆ ದೂರ. ಮೈಕೈ ನೋವಿಗೆಂದು ನೋವಿನ ಮಾತ್ರೆ ಬೇಕೆನಿಸಿದರೆ, ಪ್ಲೇಟ್‌ಲೆಟ್ ಸಹಜ ಮಟ್ಟಕ್ಕೆ ಬಂದಿದೆಯೇ ಎಂದು ಇನ್ನೊಂದು ಸಿಬಿಸಿ ಮಾಡಿಸಿ ಆಮೇಲೆ ವೈದ್ಯರನ್ನು ಕೇಳಿ. ನೋಟ್‌ಬುಕ್ಕನ್ನೂ ರಿಪೋರ್ಟ್‌ಗಳನ್ನೂ ಎಸೆಯಬೇಡಿ. ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ, ಒಂದು ಬಂದು ಹೋದರೆ ಉಳಿದ ಮೂರರಿಂದ ಬಹುಕಾಲದ ರಕ್ಷಣೆ ಸಿಗುವುದಿಲ್ಲ, ಎರಡನೇ ಸಲ ಬೇರೆ ಬಗೆಯದು ತಗುಲಿದಾಗ ರೋಗ ತೀವ್ರವಾಗುವ ಸಂಭವ ಹೆಚ್ಚು. ಮುಂದೆಂದಾದರೂ ಜ್ವರ ಬಂದು ವೈದ್ಯರು ‘ಹಿಂದೆ ಡೆಂಗಿ ಆಗಿತ್ತೇ’ ಎಂದು ಕೇಳಿದಾಗ ಕಾಗದ ತೋರಿಸಬಹುದು, ಹೋಲಿಸಲು ನಿಮ್ಮ ಮಾಮೂಲಿ ಪಿಸಿವಿ ಎಷ್ಟೆಂಬುದೂ ಅದರಲ್ಲೇ ಇರುತ್ತದೆ.